ಮೊದಲು ಸಂಪು ಖಾಲಿ ಇರಲಿ, ಸೆನ್ಸರ್ ಆಮೇಲೆ

ನೀವು ಕೇಳಿದ್ದು ಎರಡು ವಿಷಯ. ಸೆನ್ಸರ್, ಆ್ಯಪ್ ಹಾಕಿದರೆ ಬೆಂಗಳೂರಿನಲ್ಲಿ ನೀರು ನುಗ್ಗುವುದು ನಿಲ್ಲುತ್ತಾ? ನಿಮ್ಮ 30x40 ಮನೆಗೆ ಸ್ಮಾರ್ಟ್ ಮಳೆನೀರು ಸಿಸ್ಟಮ್ ಹಾಕಿಸಬೇಕಾ? ಮನೆಗೆ ಬೇಡ. ದೊಡ್ಡ ಅಪಾರ್ಟ್‌ಮೆಂಟಿಗೆ, ಕೆರೆಗೆ ಬೇಕು.

ನೀರು ಉಳಿಸಬೇಕಾದರೆ ಟ್ಯಾಂಕ್ ತುಂಬಿರಬೇಕು, ಪ್ರವಾಹ ತಡೆಯಬೇಕಾದರೆ ಖಾಲಿ ಇರಬೇಕು. ಒಂದೇ ಟ್ಯಾಂಕ್ ಎರಡೂ ಮಾಡಬೇಕು ಅಂದರೆ ದೊಡ್ಡ ಮಳೆಗೆ ಮುಂಚೆ ಯಾರಾದರೂ ಅದನ್ನು ಇಳಿಸಬೇಕು ಅಲ್ವಾ? ಆ 'ಯಾರಾದರೂ' ಕೆಲಸಕ್ಕೇ ತಂತ್ರಜ್ಞಾನ ಬೇಕಿರುವುದು. ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಸ್ಟಾರ್ ಸಿಟಿ ಅಂತ ಒಂದು ವಸತಿ ಸಮುಚ್ಚಯ ಇದೆ. 2007ರಿಂದ ಅಲ್ಲಿ ನೆಲಮಾಳಿಗೆಯಲ್ಲಿ 30 ಲಕ್ಷ ಲೀಟರ್ ಮಳೆನೀರಿನ ವ್ಯವಸ್ಥೆ ಇದೆ, ಮೂರು ಪಾಲು ಮಾಡಿದ್ದಾರೆ: ಒಂದು ಬಳಕೆಗೆ, ಒಂದು ತುರ್ತಿಗೆ, ಇನ್ನೊಂದು ಪ್ರವಾಹಕ್ಕೆ ಅಂತಲೇ ಖಾಲಿ.

ನಮ್ಮ ಕೆರೆಗಳಲ್ಲೂ ಈ ಬುದ್ಧಿ ಇತ್ತು, ತೂಬು ಎತ್ತಿ ನೀರು ಬಿಡುತ್ತಿದ್ದರು. ಈಗ ನಗರದ ಎಷ್ಟೋ ಕೆರೆಗಳಲ್ಲಿ ತೂಬು ಮುಚ್ಚಿಹೋಗಿದೆ, ವರ್ಷವಿಡೀ ಕೊಳಚೆ ನೀರು ಬಂದು ಮಳೆಗಾಲಕ್ಕೆ ಮೊದಲೇ ತುಂಬಿ ಕೂತಿರುತ್ತದೆ, ಹಾಗಾಗಿ ಜೋರು ಮಳೆ ಬಂದಾಗ ಬಂದಷ್ಟೂ ಕೋಡಿ ಬಿದ್ದು ಕೆಳಗಿನ ಬಡಾವಣೆಗೆ ಹೋಗುತ್ತದೆ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ, ಮಳೆ, ಪ್ರವಾಹದ ಎಚ್ಚರಿಕೆ ಕೊಡುವ ಮೇಘ ಸಂದೇಶ ಆ್ಯಪ್ ಇದೆ. ಒಳ್ಳೆಯದೇ. ಆದರೆ ಎಚ್ಚರಿಕೆ ಬಂದಾಗ ತಿರುಗಿಸಲು ಗೇಟೇ ಇಲ್ಲದಿದ್ದರೆ ಕಾರನ್ನು ಬೇಸ್‌ಮೆಂಟಿನಿಂದ ಮೇಲೆ ತರಬಹುದು, ಅಷ್ಟೇ.

2022ರ ಸೆಪ್ಟೆಂಬರ್ ನೆನಪಿರಬೇಕು. ಹೊರವರ್ತುಲ ರಸ್ತೆಯಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಅದೇ ಮಳೆಗೆ, ಬೆಂಗಳೂರಿಗೆ ಕಾವೇರಿ ನೀರು ಕಳಿಸುವ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ ಪಂಪ್‌ಹೌಸ್ ಮುಳುಗಿ ಆ ನೀರೂ ನಿಂತಿತು. ರಸ್ತೆ ತುಂಬ ನೀರು, ನಲ್ಲಿಯಲ್ಲಿ ಇಲ್ಲ! 2024ರ ಬೇಸಿಗೆಯಲ್ಲಿ ಅದೇ ಭಾಗದವರು ಟ್ಯಾಂಕರ್‌ಗೆ ಕಾದರು.

ಅಪಾರ್ಟ್‌ಮೆಂಟಿನವರು ಹಾಕಿಸುವುದಾದರೆ ಬೇಕಾಗುವುದು ಇಷ್ಟು: ನೀರಿನ ಮಟ್ಟ ನೋಡುವ ಸೆನ್ಸರ್, ಮೋಟಾರ್ ಇರುವ ವಾಲ್ವ್, ಮಳೆ ಮುನ್ಸೂಚನೆ ಓದುವ ಒಂದು ಕಂಟ್ರೋಲರ್. ಜೋರು ಮಳೆ ಬಂದಾಗಲೇ ಕರೆಂಟ್ ಹೋಗುತ್ತದೆ, ಆದ್ದರಿಂದ ಕೈಯಲ್ಲಿ ತಿರುಗಿಸುವ ಚಕ್ರ ಇಲ್ಲದ ವಾಲ್ವ್ ತೆಗೆದುಕೊಳ್ಳಲೇಬೇಡಿ. ಇನ್ನೊಂದು, ಯಲಹಂಕದಲ್ಲಿ ಸುರಿದ ದಿನ ಜಯನಗರ ಒಣಗಿರಬಹುದು. ಮುನ್ಸೂಚನೆ ನಂಬಿ ಮೋರಿಗೆ ಬಿಟ್ಟ ನೀರು ಹೋದ ಹಾಗೇ. ಅದನ್ನು ಇಂಗುಬಾವಿಗೆ ಬಿಡಿ, ಮಳೆ ಬರದಿದ್ದರೂ ನಷ್ಟ ಇಲ್ಲ. ಇಂಗುವುದು ನಿಧಾನ, ಹಾಗಾಗಿ ಹಿಂದಿನ ದಿನವೇ ಶುರು ಮಾಡಬೇಕು.

ಈಗ ನಿಮ್ಮ ಮನೆ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಬಿದ್ದರೆ 1 ಲೀಟರ್. ತಾರಸಿ 1000 ಚದರ ಅಡಿ ಅಂತ ಹಿಡಿದರೆ, 50 ಮಿ.ಮೀ. ಮಳೆಗೆ ಸುಮಾರು 4600 ಲೀಟರ್ ಬೀಳುತ್ತದೆ. ನಿಮ್ಮದು 6000 ಲೀಟರ್ ಸಂಪಾಗಿದ್ದರೂ ಆ ಹೊತ್ತಿಗೆ ಕಾವೇರಿ ನೀರು ತುಂಬಿದ್ದರೆ ಏನು ಬಂತು? ಜೂನ್‌ನಿಂದ ಅಕ್ಟೋಬರ್‌ವರೆಗೆ ಕಾವೇರಿ ಲೈನಿನ ಫ್ಲೋಟ್ ಬಾಲ್ (ಸಂಪು ತುಂಬಿದಾಗ ನೀರು ನಿಲ್ಲಿಸುವ ತೇಲುವ ಚೆಂಡು) ಅರ್ಧಕ್ಕೆ ಇಳಿಸಿ, ಮೇಲಿನ ಅರ್ಧ ಮಳೆಗೆ ಬಿಡಿ. ಮೊದಲ ಮಳೆಯ ಕೊಳೆನೀರು ಹೊರಹೋಗಲು ಪೈಪಿನಲ್ಲಿ ಒಂದು ಮುಚ್ಚಳ, ಆಮೇಲೆ ಫಿಲ್ಟರ್, ಸಂಪು ತುಂಬಿ ಉಕ್ಕಿದ್ದು ಇಂಗುಬಾವಿಗೆ. ಸೆನ್ಸರ್‌ಗೆ ಅಂತ ಇಟ್ಟ ದುಡ್ಡನ್ನು ಆ ಬಾವಿ ತೋಡಿಸಲು ಕೊಡಿ. ಬಾವಿ ತೋಡುವುದೇ ಕಸುಬಾಗಿರುವ ಮಣ್ಣು ವಡ್ಡರು ಚೆನ್ನಾಗಿ ತೋಡುತ್ತಾರೆ. ಹೇಗಿರುತ್ತೆ ಅಂತ ಕಣ್ಣಾರೆ ನೋಡಬೇಕಾದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಪಾರ್ಕ್ ಇದೆ, ಪ್ಲಂಬರ್‌ನೂ ಜೊತೆಗೆ ಕರೆದುಕೊಂಡು ಹೋಗಿ.