ನ್ಯೂಯಾರ್ಕ್ ರಾಜ್ಯದ ರೈನ್‌ಬೆಕ್ ಉಣ್ಣೆ ಮೇಳಕ್ಕೆ ಮೊದಲ ಸಲ ಹೋಗುತ್ತಿದ್ದೇನೆ. ನೂಲು ಕೊಳ್ಳಲು 200 ಡಾಲರ್ ಸಾಕಾ? ಇಷ್ಟವಾದ ಬಣ್ಣದಲ್ಲಿ ಒಂದೊಂದೇ ಲಡಿ ತರಲಾ?

2019ರ ಅಕ್ಟೋಬರಿನಲ್ಲಿ ನಾನೂ ಸರಿಯಾಗಿ ಅಷ್ಟೇ ದುಡ್ಡು ಇಟ್ಟುಕೊಂಡು ನ್ಯೂಜೆರ್ಸಿಯಿಂದ ರೈನ್‌ಬೆಕ್‌ಗೆ ಹೋಗಿದ್ದೆ. ನಮ್ಮ ಯಜಮಾನರಿಗೆ ಒಂದು ಸ್ವೆಟರ್ ಹೆಣೆಯುವ ಆಸೆ. ಡಚೆಸ್ ಕೌಂಟಿಯ ಮೇಳದ ಮೈದಾನದಲ್ಲಿ ಸಾಲು ಸಾಲು ಶೆಡ್ಡುಗಳು, ಒಳಗೆ ಹೋದರೆ ಎಲ್ಲಿ ನೋಡಿದರೂ ನೂಲು. ಒಂದು ಮಳಿಗೆಯಲ್ಲಿ ನೇರಳೆಹಣ್ಣಿನ ಬಣ್ಣದ್ದು ಕಂಡಿತು. ಅವರೇ ಕುರಿ ಸಾಕಿ, ಅವರೇ ಬಣ್ಣ ಹಾಕಿದ್ದು. ಲಡಿಗೆ 32 ಡಾಲರ್, ಆರು ಲಡಿಗೆ 192. ಬಜೆಟ್ಟಿಗೂ ಸರಿಹೋಯಿತು, ಸ್ವೆಟರ್ ಹೆಣೆಯುವ ವಿಧಾನ ಬರೆದಿದ್ದ ಪ್ಯಾಟರ್ನಿನಲ್ಲೂ ಆರು ಲಡಿ ಅಂತಲೇ ಇತ್ತು. ತಗೊಂಡೆ.

ತಪ್ಪಾಗಿದ್ದು ಅಲ್ಲೇ. ಪ್ಯಾಟರ್ನ್ ಹೇಳಿದ್ದು ಕ್ಯಾಸ್ಕೇಡ್ 220 ಎಂಬ ನೂಲಿನ ಆರು ಲಡಿ. ಅದರ 100 ಗ್ರಾಂ ಲಡಿಯಲ್ಲಿ 220 ಗಜ ಇರುತ್ತದೆ, ಹೆಸರಲ್ಲೇ ಇದೆ. ಆರಕ್ಕೆ 1320 ಗಜ. ಸ್ವೆಟರಿಗೆ ಬೇಕಿದ್ದದ್ದು 1200. ನಾನು ತಂದ ಲಡಿ ಕೈಗೆ ಇನ್ನೂ ಭಾರ ಅನ್ನಿಸಿತ್ತು, 4 ಔನ್ಸ್, ಅಂದರೆ 113 ಗ್ರಾಂ. ಧಾರಾಳವಾಗಿ ಸಾಕು ಅಂದುಕೊಂಡೆ. ಆದರೆ ನೂಲು ಸ್ವಲ್ಪ ದಪ್ಪ. ದಪ್ಪ ನೂಲು ತೂಕ ಜಾಸ್ತಿ ಇದ್ದರೂ ಉದ್ದ ಕಡಿಮೆ ಬರುತ್ತದೆ. ಚೀಟಿಯಲ್ಲಿ 190 ಗಜ ಅಂತ ಬರೆದೇ ಇತ್ತು. ನಾನು ಬಣ್ಣ ನೋಡಿದೆ, ಬೆಲೆ ನೋಡಿದೆ, ಲಡಿ ಎಣಿಸಿದೆ. ಗಜ ಓದಲಿಲ್ಲ. ಆರಕ್ಕೆ 1140. ಅದರಲ್ಲಿ ಅಳತೆ ನೋಡಲು ಹೆಣೆದ ಸಣ್ಣ ತುಂಡಿಗೆ 20 ಹೋಯಿತು. ಎಡ ತೋಳು ಮೊಣಕೈ ದಾಟುತ್ತಿದ್ದಂತೆ ನೂಲು ಮುಗಿಯಿತು.

ಊರಲ್ಲಿ ಅಮ್ಮನಿಗೆ ಉಂಡೆ ಕಡಿಮೆ ಬಿದ್ದರೆ, ಚೀಟಿ ಹಿಡಿದುಕೊಂಡು ಅದೇ ಅಂಗಡಿಗೆ ಹೋಗಿ ಅದೇ ನಂಬರಿನದು ತರುತ್ತಿದ್ದರು. ನಾನೂ ಅದೇ ಅಭ್ಯಾಸದಲ್ಲಿ ಮಳಿಗೆಯವರಿಗೆ ಈಮೇಲ್ ಮಾಡಿದೆ. ಪಾಪ, ಬೇಗ ಒಂದು ಲಡಿ ಕಳಿಸಿದರು. ಅದು ಬದನೆಕಾಯಿ ಬಣ್ಣ! ಅವರ ತಪ್ಪಲ್ಲ. ಕೈಯಲ್ಲಿ ಬಣ್ಣ ಹಾಕಿದ ನೂಲು ಒಂದೊಂದು ಸಲ ಒಂದೊಂದು ಥರ ಬರುತ್ತದೆ. ಕೊನೆಗೆ ಎರಡೂ ತೋಳನ್ನು ಮೊಣಕೈವರೆಗೆ ಬಿಚ್ಚಿ, ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಅಂತ ಬೆರೆಸಿ ಹೆಣೆದೆ. ಮೂರು ವಾರ ಹಿಡಿಯಿತು.

ಅದಕ್ಕೇ 200 ಸಾಕಾ ಅನ್ನುವುದು ಪ್ರಶ್ನೆಯೇ ಅಲ್ಲ ಅನ್ನುತ್ತೇನೆ. ಎಷ್ಟು ಗಜ ಬೇಕು ಅಂತ ಮೊದಲು ನೋಡಿ. ಪ್ಯಾಟರ್ನನ್ನು ಮನೆಯಲ್ಲೇ ಆರಿಸಿ, ನಿಮ್ಮ ಅಳತೆಗೆ ಬೇಕಾದ ಗಜವನ್ನು ಫೋನಿನಲ್ಲಿ ಬರೆದುಕೊಳ್ಳಿ. ಅದರ ಮೇಲೆ ಒಂದು ಲಡಿ ಹೆಚ್ಚಿಗೆ ತಗೊಳ್ಳಿ. ದುಡ್ಡು ಸಾಲದಿದ್ದರೆ ಈ ವರ್ಷ ಸ್ವೆಟರ್ ಬಿಡಿ, ಟೋಪಿ ಹೆಣೆಯಿರಿ. ಇಷ್ಟವಾದ ಬಣ್ಣದಲ್ಲಿ ಒಂದೊಂದೇ ಲಡಿ ತರಲಾ ಅಂತಲೂ ಕೇಳಿದ್ದೀರಿ. ಬೇಡವೇ ಬೇಡ. ಆಮೇಲಿನ ವರ್ಷಗಳಲ್ಲಿ ಸುಮ್ನೆ ತಂದ ಒಂಬತ್ತು ಒಂಟಿ ಲಡಿಗಳು ನನ್ನ ಕಪಾಟಿನಲ್ಲಿ ಇನ್ನೂ ಹಾಗೇ ಇವೆ.

ಇನ್ನೊಂದು ಮಾತು. ಲಡಿಗಳನ್ನು ಮಳಿಗೆಯವರಿಗೆ ಹೇಳಿ ಶೆಡ್ಡಿನ ಹೊರಗೆ ತಂದು, ಬೆಳಕಿನಲ್ಲಿ ಪಕ್ಕಪಕ್ಕ ಹಿಡಿದು ನೋಡಿ. ದೀಪದ ಕೆಳಗೆ ಎಲ್ಲ ಒಂದೇ ಥರ ಕಾಣುತ್ತವೆ. ಕುತ್ತಿಗೆಗೂ ಒತ್ತಿ ನೋಡಿ. ಮೆರಿನೊ ಕುರಿಯ ಉಣ್ಣೆ ಮೆತ್ತಗಿರುತ್ತದೆ, ರಾಮ್ನಿ ಕುರಿಯದು ಅದಕ್ಕಿಂತ ಒರಟು. ಬೆರಳಿಗೆ ಗೊತ್ತೇ ಆಗದ ಚುಚ್ಚು ಕುತ್ತಿಗೆಗೆ ಗೊತ್ತಾಗುತ್ತದೆ. ಊರಲ್ಲಿ ಕುರಿ ಕಂಬಳಿ ಹೊದ್ದು ಮಲಗಿದ್ದರೆ ನಿಮಗೇ ಗೊತ್ತಿರುತ್ತದೆ ಅಲ್ವಾ?

ಪ್ಯಾಟರ್ನ್ ಯಾವುದು, ಎದೆ ಸುತ್ತಳತೆ ಎಷ್ಟು ಅಂತ ಕೆಳಗೆ ಬರೆಯಿರಿ. ಗಜದ ಲೆಕ್ಕ ನಾನು ಹಾಕಿಕೊಡುತ್ತೇನೆ.