ಹ್ಯೂಸ್ಟನ್‌ನ ಚಂಡಮಾರುತಕ್ಕೆ ಯಾವ ಗಾಡಿ ಎಂದು ಕೇಳಿದವರಿಗೆ

ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ, ಕಡಲಿಗೆ ಹತ್ತಿರದ ಕ್ಲಿಯರ್ ಲೇಕ್ ಬಳಿ ಬಾಡಿಗೆ ಮನೆ ಹಿಡಿದಿದ್ದೀರಿ, ಎಂಟು ತಿಂಗಳ ಕೂಸಿದೆ, ಜೂನ್‌ನಲ್ಲಿ ದಾವಣಗೆರೆಯಿಂದ ಅಪ್ಪ ಅಮ್ಮ ಬರುತ್ತಾರೆ. ಚಂಡಮಾರುತ ಬಂದಾಗ ಊರು ಬಿಡಲು ಎತ್ತರದ ಫೋರ್ ವೀಲ್ ಡ್ರೈವ್ ಪಿಕಪ್ ಟ್ರಕ್ಕೇ ಬೇಕು ಎಂದು ಕಚೇರಿಯವರು ಹೇಳಿದ್ದಾರೆ. "ಸಾಲ ಮಾಡಿಯಾದರೂ ಕೊಳ್ಳಲೇ ಅಕ್ಕಾ?" ಎಂದು ಕೇಳಿದ್ದೀರಿ. ಬೇಡ. ದಯವಿಟ್ಟು ಆ ಸಾಲ ಮಾಡಬೇಡಿ.

2005ರ ಸೆಪ್ಟೆಂಬರ್‌ನಲ್ಲಿ ರೀಟಾ ಚಂಡಮಾರುತ ಬರುತ್ತಿದೆ ಎಂದಾಗ, ಕತ್ರಿನಾ ನ್ಯೂ ಆರ್ಲಿಯನ್ಸನ್ನು ಮುಳುಗಿಸಿ ಇನ್ನೂ ತಿಂಗಳು ತುಂಬಿರಲಿಲ್ಲ. ಟಿ.ವಿ.ಯಲ್ಲಿ ಮನೆಗಳ ಚಾವಣಿ ಏರಿ ಕುಳಿತವರನ್ನು ನೋಡಿದ್ದ ನಾವೆಲ್ಲ ಒಟ್ಟಿಗೇ ಹೊರಟೆವು. ಈ ಪ್ರದೇಶದಿಂದ ಹೊರಟವರು 25 ಲಕ್ಷಕ್ಕೂ ಹೆಚ್ಚು ಎನ್ನುತ್ತಾರೆ. ಡಾಲಸ್ ಕಡೆಗೆ ಹೋಗುವ ಐ-45 ಹೆದ್ದಾರಿ ಹೆಪ್ಪುಗಟ್ಟಿ ನಿಂತಿತು. ಸುಮಾರು 50 ಮೈಲಿ ದೂರದ ಕಾನ್ರೋ ತಲುಪಲು ನಮಗೆ 13 ಗಂಟೆ ಹಿಡಿಯಿತು. ಪೆಟ್ರೋಲ್ ಉಳಿಸಲು ಏಸಿ ಆರಿಸಿದ್ದೆವು, ಹೊರಗೆ ಸುಡುಬಿಸಿಲು. ಎರಡು ವರ್ಷದ ಮಗಳ ಮುಖ ಕೆಂಪಡರಿ, ಅಳುವುದನ್ನೂ ನಿಲ್ಲಿಸಿದ್ದಳು. ಯಜಮಾನರ ಪಂಚೆಯ ಅಂಚು ಹರಿದು, ಬಾಟಲಿಯ ನೀರಿನಲ್ಲಿ ಅದ್ದಿ, ಅವಳ ಕತ್ತಿಗೆ ಹಾಕುತ್ತಾ ಕುಳಿತಿದ್ದೆ. ಡಬ್ಬಿಯಲ್ಲಿದ್ದ ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹುಳಿ ಬಂದು ಉಕ್ಕಿತ್ತು. ಬಂಕ್‌ಗಳಲ್ಲಿ ಪಂಪಿನ ಹಿಡಿಕೆಗಳಿಗೆಲ್ಲ ಪ್ಲಾಸ್ಟಿಕ್ ಚೀಲ ಹೊದಿಸಿದ್ದರು, ಅಂದರೆ ಇಂಧನ ಮುಗಿದಿದೆ. ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿ ನಿಂತಿದ್ದವುಗಳಲ್ಲಿ ನಿಮ್ಮ ಸಹೋದ್ಯೋಗಿಗಳು ಹೇಳುವಂಥ ದೊಡ್ಡ ಗಾಡಿಗಳೇ ಎಷ್ಟೋ ಇದ್ದವು.

ಕೊನೆಗೆ ರೀಟಾ ಪೂರ್ವಕ್ಕೆ ಹೊರಳಿ ಲೂಸಿಯಾನಾದ ಗಡಿಯ ಬಳಿ ಅಪ್ಪಳಿಸಿತು. ಟೆಕ್ಸಸ್‌ನಲ್ಲಿ ಸತ್ತ ನೂರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಗಾಳಿಗೆ ಸತ್ತವರಲ್ಲ, ಊರು ಬಿಡುವ ದಾರಿಯಲ್ಲಿ ಸತ್ತವರು. ವೃದ್ಧಾಶ್ರಮವೊಂದರವರನ್ನು ಕರೆದೊಯ್ಯುತ್ತಿದ್ದ ಬಸ್ಸು ಡಾಲಸ್ ಹತ್ತಿರ ಹೊತ್ತಿ ಉರಿದು 23 ಮಂದಿ ಹೋದರು. ನಮ್ಮ ಮನೆ ತೆರವು ವಲಯದಲ್ಲೇ, ಅಂದರೆ ಚಂಡಮಾರುತ ಬಂದಾಗ ಜನ ಖಾಲಿ ಮಾಡಬೇಕಾದ ಪ್ರದೇಶದಲ್ಲೇ, ಇರಲಿಲ್ಲ. ಹೊರಡಬೇಕಾಗಿಲ್ಲದ ನಮ್ಮಂಥವರು, ಕಡಲಂಚಿನ ಗ್ಯಾಲ್ವೆಸ್ಟನ್‌ನಿಂದ ಹೊರಡಲೇಬೇಕಾಗಿದ್ದವರ ದಾರಿಗೆ ಅಡ್ಡ ನಿಂತೆವು. ಆ ನೋವು ನನಗೆ ಇನ್ನೂ ಇದೆ.

ಆದ್ದರಿಂದ ಗಾಡಿ ನೋಡುವಾಗ ಮೊದಲು ಕೇಳಿಕೊಳ್ಳಬೇಕಾದದ್ದು, ನಿಂತಲ್ಲೇ ನಿಂತಾಗ ಅದು ಎಷ್ಟು ಇಂಧನ ಕುಡಿಯುತ್ತದೆ ಎಂದು. ನನ್ನ ಆಯ್ಕೆ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜತೆಗೆ ಬ್ಯಾಟರಿಯ ಮೋಟಾರೂ ಇರುವ ಗಾಡಿ. ಗಾಡಿ ನಿಂತಾಗ ಎಂಜಿನ್ ಆಗಾಗ ತಾನಾಗಿಯೇ ಆರುತ್ತದೆ, ಏಸಿ ಬ್ಯಾಟರಿಯಲ್ಲಿ ನಡೆಯುತ್ತದೆ. ಇನ್ನು ಕೂಸಿನ ಆಸನ ಹಿಂದಕ್ಕೆ ಮುಖ ಮಾಡಿ ಕೂರಿಸಿದರೆ, ಸಣ್ಣ ಕಾರಿನ ಹಿಂಬದಿಯಲ್ಲಿ ಅಪ್ಪ ಅಮ್ಮ ಮೊಣಕಾಲು ಮಡಚಿ ಗಂಟೆಗಟ್ಟಲೆ ಕೂರಲಾರರು. ಪಿಕಪ್‌ಗೆ ಅವರು ಹತ್ತುವುದೇ ಕಷ್ಟ. ಮಿನಿವ್ಯಾನ್ ನೋಡಿ. ಟೊಯೋಟಾ ಸಿಯೆನ್ನಾದ 2021ರ ನಂತರದ ಮಾದರಿಗಳೆಲ್ಲ ಹೈಬ್ರಿಡ್; ಬಳಸಿದ್ದು ಸಿಕ್ಕರೂ ಸಾಕು. ಬಳಸಿದ್ದನ್ನು ಕೊಳ್ಳುವಾಗ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಒಳತುದಿಯಲ್ಲಿ ಕೆಸರಿನ ಕಲೆ ಇದ್ದರೆ, ಅದು ನೆರೆಯಲ್ಲಿ ಮುಳುಗಿ ಎದ್ದ ಗಾಡಿ.

"ಎತ್ತರದ ಗಾಡಿಯಾದರೆ ನೀರು ದಾಟಬಹುದಲ್ಲ" ಎಂಬ ಮಾತಿಗೆ ಮಾತ್ರ ಕಿವಿಗೊಡಬೇಡಿ. ಹರಿಯುವ ನೀರು 30 ಸೆಂಟಿಮೀಟರ್ ಇದ್ದರೆ ಸಣ್ಣ ಕಾರನ್ನು ಎತ್ತಿಕೊಂಡು ಹೋಗುತ್ತದೆ. 60 ಇದ್ದರೆ ಪಿಕಪ್ಪನ್ನೂ. 2017ರಲ್ಲಿ ಹಾರ್ವೆ ಚಂಡಮಾರುತ ಬಂದಾಗ ಕೆಲವೆಡೆ ಒಂದು ಮೀಟರಿಗೂ ಹೆಚ್ಚು ಮಳೆ ಸುರಿಯಿತು. ಮೇಲ್ಸೇತುವೆಯ ಮೇಲಿಂದ ನಾನೇ ನೋಡಿದ್ದೇನೆ, ಕೆಳರಸ್ತೆಯಲ್ಲಿ ಟ್ರಕ್ಕುಗಳ ಚಾವಣಿ ಮಾತ್ರ ಕಾಣುತ್ತಿತ್ತು. ನೀರು ಕಂಡರೆ ತಿರುಗಿಸಿ. ಎಷ್ಟೇ ತುರ್ತಿದ್ದರೂ ತಿರುಗಿಸಿ.

ವಿದ್ಯುತ್ ಕಾರು ಬೇಡವೆನ್ನುವುದಿಲ್ಲ. ಆದರೆ 2024ರ ಜುಲೈಯಲ್ಲಿ ಬೆರಿಲ್ ಚಂಡಮಾರುತ ಬಂದಾಗ ಇಲ್ಲಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಗಿ, ಅನೇಕರಿಗೆ ದಿನಗಟ್ಟಲೆ ಬರಲಿಲ್ಲ. ಮನೆಯಲ್ಲಿ ಒಂದೇ ಗಾಡಿ ಇರುವವರು ಇದನ್ನು ಯೋಚಿಸಬೇಕು.

ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ; ಆಗ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ. ನೆರೆಹಾನಿಗೂ ಪರಿಹಾರ ಕೊಡುವ ಸಮಗ್ರ ವಿಮೆಯನ್ನು ಈಗಲೇ ಮಾಡಿಸಿ. ಚಂಡಮಾರುತ ಮೆಕ್ಸಿಕೋ ಕೊಲ್ಲಿಯೊಳಗೆ ಬಂದ ಮೇಲೆ ಸಾಮಾನ್ಯವಾಗಿ ಹೊಸ ಪಾಲಿಸಿ ಕೊಡುವುದಿಲ್ಲ. ಹೊಸ ಗಾಡಿಗಳಲ್ಲಿ ಎಷ್ಟೋ ಕಡೆ ಸ್ಟೆಪ್ನಿ ಇರುವುದಿಲ್ಲ, ಕೇಳಿ ತಿಳಿದುಕೊಳ್ಳಿ. ಪಾಸ್‌ಪೋರ್ಟುಗಳು, ನಿಮ್ಮ ಐ-797 (ವಲಸೆ ಇಲಾಖೆ ಕೊಡುವ ಅನುಮೋದನೆ ಪತ್ರ), ಮಗುವಿನ ಜನನ ಪ್ರಮಾಣಪತ್ರ, ಅಪ್ಪ ಅಮ್ಮನ ಔಷಧಿ ಮತ್ತು ವೈದ್ಯರ ಚೀಟಿ ಎಲ್ಲವೂ ಒಂದೇ ಚೀಲದಲ್ಲಿ ಬಾಗಿಲ ಬಳಿ ಇರಲಿ. ವೀಸಾದ ಮೇಲಿರುವವರಿಗೆ ಆ ಕಾಗದ ನೆನೆದರೆ ಆಗುವ ಪಾಡು ಗಾಡಿ ಮುಳುಗಿದ್ದಕ್ಕಿಂತ ದೊಡ್ಡದು.

ತೆರವು ವಲಯಗಳನ್ನು ಇಲ್ಲಿ ಅಂಚೆ ಪಿನ್ ಸಂಖ್ಯೆಯ ಮೇಲೆ ಕರಾವಳಿ, ಎ, ಬಿ, ಸಿ ಎಂದು ವಿಂಗಡಿಸಿದ್ದಾರೆ. ನಿಮ್ಮದು ಯಾವುದೆಂದು ಇವತ್ತೇ ನೋಡಿ. ನಿಮ್ಮ ವಲಯದವರು ಹೊರಡಬೇಕೆಂದು ಆದೇಶ ಬಂದರೆ, ಡಾಲಸ್‌ವರೆಗೆ 240 ಮೈಲಿಗೂ ಹೆಚ್ಚು ಓಡಬೇಕಾಗಿಲ್ಲ. ಕಡಲಿನ ಉಬ್ಬರದ ನೀರಿನಿಂದ ದೂರ ಸರಿದರೆ ಸಾಕು. ನಮ್ಮ ಮನೆ ಹ್ಯೂಸ್ಟನ್‌ನ ಪಶ್ಚಿಮಕ್ಕಿರುವ ಕೇಟಿಯಲ್ಲಿದೆ, ನಿಮ್ಮಿಂದ ಸುಮಾರು 50 ಮೈಲಿ. ಹಾರ್ವೆಯಲ್ಲಿ ಸುತ್ತಲಿನ ಎಷ್ಟೋ ಬಡಾವಣೆಗಳು ಮುಳುಗಿದರೂ ನಮ್ಮ ಬೀದಿಗೆ ನೀರು ಬರಲಿಲ್ಲ. ಕೆಳಗಿನ ಕೋಣೆ ಖಾಲಿ ಇದೆ, ನಿಮ್ಮ ಅಪ್ಪ ಅಮ್ಮ ಮೆಟ್ಟಿಲು ಹತ್ತಬೇಕಾಗಿಲ್ಲ. ಮೇ ತಿಂಗಳ ಒಂದು ಭಾನುವಾರ ಎಲ್ಲರೂ ಊಟಕ್ಕೆ ಬನ್ನಿ, ದಾರಿಯೂ ಗೊತ್ತಾಗುತ್ತದೆ.