ಪುರಂದರದಾಸರ ಪದಗಳು: ಕೇಳಲು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಪುರಂದರದಾಸರು ನಾಲ್ಕು ಲಕ್ಷದ ಎಪ್ಪತ್ತೈದು ಸಾವಿರ ಪದ ರಚಿಸಿದರಂತೆ. ಫೋನಿನಲ್ಲಿ ಹುಡುಕಿದರೆ ಗಂಟೆಗಟ್ಟಲೆ ಓಡುವ ಸಂಗ್ರಹಗಳೇ ಬರುತ್ತವೆ. ಹತ್ತು ಹಾಡು ಮುಗಿಯುವಷ್ಟರಲ್ಲಿ ಎಲ್ಲವೂ ಒಂದೇ ಥರ ಅನ್ನಿಸುತ್ತದೆ. ನಾನು ಸಂಗೀತ ಕಲಿತವನಲ್ಲ. ಯಾವ ಕ್ರಮದಲ್ಲಿ ಕೇಳಲಿ?
(ದಾವಣಗೆರೆಯ ಓದುಗರು)

ಉತ್ತರ: 4,75,000 ಎಂಬುದು ಸಂಪ್ರದಾಯದ ಲೆಕ್ಕ. ನಮಗೆ ದಕ್ಕಿರುವುದು ಸಾವಿರದ ಆಸುಪಾಸು. ಹಾಡುಗಾರರ ಬಾಯಲ್ಲಿ ಓಡಾಡುವುದು ಅದಕ್ಕಿಂತಲೂ ಎಷ್ಟೋ ಕಡಿಮೆ. ಹಾಗಾಗಿ ಸಂಖ್ಯೆಗೆ ಅಂಜಬೇಡಿ.

ನಿಮಗೆ ಬೇಸರ ತಂದಿರುವುದು ದಾಸರಲ್ಲ, ಆ ಸಂಗ್ರಹಗಳು. ಒಂದೇ ಕಂಠ, ಒಂದೇ ವಾದ್ಯಮೇಳ, ಒಂದೇ ವೇಗ ಇದ್ದರೆ ಎಂಥ ಪದವೂ ಹತ್ತರಲ್ಲಿ ಹನ್ನೊಂದಾಗುತ್ತದೆ. ದಾಸರ ಸಾಹಿತ್ಯ ಹಸ್ತಪ್ರತಿಗಳಲ್ಲೂ ಬಾಯಿಪಾಠದಲ್ಲೂ ಉಳಿದು ಬಂತು. ರಾಗ, ತಾಳದ ಹೆಸರು ಅಲ್ಲಲ್ಲಿ ಸಿಗುತ್ತದೆ, ಸ್ವರಲಿಪಿ ಸಿಗುವುದಿಲ್ಲ. ನಾವು ಈಗ ಕೇಳುವ ಮಟ್ಟುಗಳಲ್ಲಿ, ಅಂದರೆ ಹಾಡುವ ಧಾಟಿಗಳಲ್ಲಿ, ಬಹುಪಾಲು ಆಮೇಲಿನವರು ಕೂಡಿಸಿದವು. ಆದ್ದರಿಂದ ಐವತ್ತು ಪದಗಳನ್ನು ಒಬ್ಬರಿಂದ ಕೇಳುವ ಬದಲು ಐದೇ ಪದಗಳನ್ನು ಹಲವರಿಂದ ಕೇಳಿ.

ಮೊದಲಿಗೆ ‘ಜಗದೋದ್ಧಾರನ’. ಕಾಪಿ ರಾಗದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ್ದು ಎಲ್ಲೆಡೆ ಸಿಗುತ್ತದೆ. ಹಾಡು ಹಚ್ಚುವ ಮೊದಲು ಸಾಹಿತ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ. ವೇದಕ್ಕೂ ಸಿಲುಕದವನನ್ನು, ಅಣುವಿಗಿಂತ ಅಣುವಾದವನನ್ನು, ಅಳತೆಗೆ ಬಾರದವನನ್ನು ಎಂದು ಸಾಲಿನ ಮೇಲೆ ಸಾಲು ಏರುತ್ತಾ ಹೋಗಿ, ಅಷ್ಟೂ ಯಶೋದೆ ‘ಆಡಿಸಿದಳು’ ಎಂಬ ಒಂದು ಕ್ರಿಯಾಪದಕ್ಕೆ ಬಂದು ನಿಲ್ಲುತ್ತದೆ. ಗಾಯಕಿ ಪಲ್ಲವಿಗೆ ಮರಳಿದಾಗಲೆಲ್ಲ ಆಗುವ ಸಂತೋಷಕ್ಕೆ ಈ ಕಟ್ಟಡವೇ ಕಾರಣ. ಓದದೆ ಕೇಳಿದರೆ ಅದು ಬರೀ ಇಂಪಾಗಿ ಜಾರಿಹೋಗುತ್ತದೆ.

ಎರಡನೆಯದು ‘ಭಾಗ್ಯದ ಲಕ್ಷ್ಮೀ ಬಾರಮ್ಮ’. ಕರ್ನಾಟಕ ಸಂಗೀತದವರು ಇದನ್ನು ಸಾಮಾನ್ಯವಾಗಿ ಮಧ್ಯಮಾವತಿ ರಾಗದಲ್ಲಿ ಹಾಡುತ್ತಾರೆ. ಅದನ್ನು ಕೇಳಿದ ಬೆನ್ನಿಗೇ ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿಯವರದನ್ನು ಹಚ್ಚಿ. ಅಕ್ಷರಗಳು ಅವೇ, ಮನೆಗೆ ಕರೆಯುವ ದನಿಯೇ ಬೇರೆ.

ಇವೆರಡೂ ಕಿವಿಗೆ ಕೂತ ಮೇಲೆ ಕಟುವಾದ ದಾಸರತ್ತ ಬನ್ನಿ. ‘ಉದರ ವೈರಾಗ್ಯವಿದು’ ಕೇಳದವರಿಗೆ ಪುರಂದರದಾಸರು ಅರ್ಧವೇ ಗೊತ್ತು ಎನ್ನುತ್ತೇವೆ. ನಸುಕಿನಲ್ಲಿ ಗಡಗಡ ನಡುಗುತ್ತಾ ನದಿಯಲ್ಲಿ ಮಿಂದು, ಹೊಟ್ಟೆಯೊಳಗೆ ಮತ್ಸರ ತುಂಬಿಕೊಂಡು, ಪಕ್ಕದವರನ್ನು ಬೆರಗುಗೊಳಿಸುವ ಭಕ್ತ. ಕಂಚುಗಾರನ ಬಿಡಾರದಂತೆ ಪ್ರತಿಮೆಗಳನ್ನು ಒಟ್ಟಿ ದೀಪ ಹಚ್ಚಿಡುವ ಪೂಜೆ. ಐದು ಶತಮಾನ ಹಿಂದಿನ ಪದ ಇದು! ಜೊತೆಗೆ ‘ಆಚಾರವಿಲ್ಲದ ನಾಲಿಗೆ’, ಆಮೇಲೆ ಮೊರೆಯ ಪದವಾದ ‘ಇನ್ನೂ ದಯ ಬಾರದೆ’. ಐದಾಯಿತು.

ಮುಂದಕ್ಕೆ, ಕಛೇರಿಯ ಶೈಲಿ ಬೇಕೆಂದರೆ ಎಂ.ಎಲ್. ವಸಂತಕುಮಾರಿ, ಮಾತು ಸ್ಪಷ್ಟವಾಗಿ ಕೇಳಬೇಕೆಂದರೆ ವಿದ್ಯಾಭೂಷಣ. ಒಂದು ಎಚ್ಚರಿಕೆ: ಕಛೇರಿಗಳಲ್ಲಿ ಚರಣಗಳನ್ನು ಬಿಡುವುದು ವಾಡಿಕೆ. ಮೊದಲಿನ ಒಂದೆರಡು, ಕೊನೆಯದೊಂದು ಹಾಡಿ ಮುಗಿಸುತ್ತಾರೆ. ಪೂರ್ತಿ ಪಾಠಕ್ಕೆ ಗ್ರಂಥಾಲಯದಲ್ಲಿ ‘ಸಮಗ್ರ ದಾಸ ಸಾಹಿತ್ಯ’ದ ಸಂಪುಟ ಕೇಳಿ. ಫೋನಿನಲ್ಲಿ ಸಿಗುವ ಸಾಹಿತ್ಯದಲ್ಲಿ ಒತ್ತಕ್ಷರ, ದೀರ್ಘ ತಪ್ಪಿ ಅರ್ಥವೇ ಕೆಟ್ಟಿರುವುದುಂಟು.

ಉಗಾಭೋಗ ಎಂಬ ತಾಳವಿಲ್ಲದ ಕಿರು ರಚನೆಗಳು ಆಮೇಲೆ. ಸುಳಾದಿ ಎಂಬ ಉದ್ದ ರಚನೆ ಎಲ್ಲಕ್ಕಿಂತ ಕೊನೆಗೆ. ಅದರ ಒಂದೊಂದು ಭಾಗ ಒಂದೊಂದು ತಾಳದಲ್ಲಿದ್ದು ‘ಜತೆ’ ಎಂಬ ಕಿರು ತುಣುಕಿನಿಂದ ಮುಗಿಯುತ್ತದೆ. ತಾಳ ಬದಲಾಗುವುದು ಕಿವಿಗೆ ತಿಳಿಯದಿದ್ದರೆ ಉದ್ದ ಎನ್ನಿಸಿ ಕೈಬಿಡುತ್ತೀರಿ.

ಪ್ರಶ್ನೆ: ಮಗಳು ಸರಳೆ, ಜಂಟಿ ಎಂಬ ಆರಂಭದ ಸ್ವರಪಾಠಗಳನ್ನು ಮುಗಿಸಿ ‘ಶ್ರೀ ಗಣನಾಥ’ ಗೀತೆ ಕಲಿಯುತ್ತಿದ್ದಾಳೆ. ಪಾಠದಲ್ಲಿ ಸರಿಯಾಗಿ ಹಾಡುವವಳು ಮನೆಯಲ್ಲಿ ತಪ್ಪುತ್ತಾಳೆ.
(ಶಿರಸಿಯ ಓದುಗರು)

ಉತ್ತರ: ತಪ್ಪುವುದು ಬಹುಶಃ ಏರುವಾಗ. ಈ ಗೀತೆ ಮಲಹರಿ ರಾಗದಲ್ಲಿದೆ. ಆರೋಹಣ ಸ ರಿ ಮ ಪ ದ ಸ, ಅವರೋಹಣ ಸ ದ ಪ ಮ ಗ ರಿ ಸ. ನಿಷಾದ ಎಲ್ಲೂ ಇಲ್ಲ, ಗಾಂಧಾರ ಇಳಿಯುವಾಗ ಮಾತ್ರ. ಆದರೆ ಮಗುವಿನ ಗಂಟಲಿಗೆ ರೂಢಿಯಾಗಿರುವುದು ಮೊದಲ ಪಾಠಗಳ ರಾಗವಾದ ಮಾಯಾಮಾಳವಗೌಳದ ಏಳೂ ಸ್ವರ, ಆದ್ದರಿಂದ ರಿ ಆದೊಡನೆ ಗ ತಾನಾಗಿ ನುಸುಳುತ್ತದೆ. ಗೀತೆಗೆ ಮುನ್ನ ‘ಸ ರಿ ಮ’, ‘ಪ ದ ಸ’ ತುಂಡುಗಳನ್ನು ನಿಧಾನವಾಗಿ ಹಾಡಿಸಿ, ಶ್ರುತಿ ಪೆಟ್ಟಿಗೆ ಹಾಕಿಕೊಂಡೇ. ಇದು ರೂಪಕ ತಾಳ, ಆರು ಅಕ್ಷರ. ‘ಕೆರೆಯ ನೀರನು ಕೆರೆಗೆ ಚೆಲ್ಲಿ’ಗೆ ಹೋದಾಗ ತ್ರಿಪುಟ ತಾಳದ ಏಳು ಅಕ್ಷರ ಬರುತ್ತದೆ. ಅಲ್ಲಿ ಕೈ ಎಡವಿದರೆ ಹಾಡು ನಿಲ್ಲಿಸಿ ಬರೀ ತಾಳ ಹಾಕಿಸಿ.

ಪ್ರಶ್ನೆ: ಪದ ಪುರಂದರದಾಸರದೇ ಎಂದು ತಿಳಿಯುವುದು ಹೇಗೆ?
(ಪುಣೆಯ ಓದುಗರು)

ಉತ್ತರ: ಕೊನೆಯ ಚರಣದ ಅಂಕಿತ, ಅಂದರೆ ರಚಿಸಿದವರು ತಮ್ಮ ಗುರುತಾಗಿ ಇಡುವ ಹೆಸರು, ನೋಡಿ. ‘ವಿಠಲ’ ಎಂದು ಕೇಳಿಸಿದರಷ್ಟೇ ಸಾಲದು: ವಿಜಯವಿಠಲ ವಿಜಯದಾಸರದು, ಗೋಪಾಲವಿಠಲ ಗೋಪಾಲದಾಸರದು, ಜಗನ್ನಾಥವಿಠಲ ಜಗನ್ನಾಥದಾಸರದು. ‘ಪುರಂದರವಿಠಲ’ ಎಂದೇ ಇರಬೇಕು. ಪುರಂದರದಾಸರ ಹೆಸರಿಗೆ ಹಲವರು ಹಚ್ಚುವ ‘ಕೃಷ್ಣಾ ನೀ ಬೇಗನೆ ಬಾರೋ’ ಅವರ ಗುರುಗಳಾದ ವ್ಯಾಸರಾಯರದು. ಅದರ ಕೊನೆಯಲ್ಲಿ ಬರುವುದು ಉಡುಪಿಯ ಶ್ರೀಕೃಷ್ಣ, ಅದೇ ವ್ಯಾಸರಾಯರ ಅಂಕಿತ.